ರೋಮ್‌ನಲ್ಲಿ ಹೀಗೆ ಮಾಡಲ್ಲ

ಫಾರಿನ್ ಅತ್ತೆಯನ್ನು ಗುರುತಿಸುವುದಕ್ಕೆ ಪಾಸ್‌ಪೋರ್ಟ್ ನೋಡಬೇಕಾಗಿಲ್ಲ. ಯಾರ ಮನೆಯಲ್ಲೇ ಆಗಲಿ, ಉಪ್ಪಿಟ್ಟಿನ ಮೊದಲ ಚಮಚ ಬಾಯಿಗಿಟ್ಟು, ಕಣ್ಣು ಅರೆಮುಚ್ಚಿ, "ರೋಮ್‌ನಲ್ಲಿ ಹೀಗೆ ಮಾಡಲ್ಲ" ಅಂದರೆ ಅವರೇ. ರೋಮ್‌ನಲ್ಲಿ ಉಪ್ಪಿಟ್ಟನ್ನು ಹೀಗೂ ಮಾಡುವುದಿಲ್ಲ, ಹಾಗೂ ಮಾಡುವುದಿಲ್ಲ. ಆದರೆ ಅದು ಮಿಕ್ಕವರಿಗೆ ಹೊಳೆಯುವಷ್ಟರಲ್ಲಿ ಅತ್ತೆ ಫ್ಲಾರೆನ್ಸ್ ದಾಟಿ ವೆನಿಸ್ ಸೇರಿರುತ್ತಾರೆ.

ಹುಟ್ಟುತ್ತಲೇ ಯಾರೂ ಫಾರಿನ್ ಅತ್ತೆಯಾಗಿರುವುದಿಲ್ಲ. ಬ್ಯಾಂಕಿನಲ್ಲೋ ಹೈಸ್ಕೂಲಿನಲ್ಲೋ ಮೂವತ್ತು ವರ್ಷ ದುಡಿದು, ಎಲ್‌ಟಿಸಿಯಲ್ಲಿ ಒಂದು ಕಾಶ್ಮೀರ, ಒಂದು ಕನ್ಯಾಕುಮಾರಿ ಮುಗಿಸಿ, ನಿವೃತ್ತಿಯ ದಿನ ಹಾರ, ಶಾಲು, ಗೋಡೆ ಗಡಿಯಾರ ಹಿಡಿದು ಮನೆಗೆ ಬಂದ ಸಾದಾ ಅತ್ತೆಯೇ ಅವರು. ಅಮೆರಿಕದಲ್ಲಿರುವ ಮಗಳ ಬಾಣಂತನ ಅವರನ್ನು ಮೊದಲ ಸಲ ವಿಮಾನ ಹತ್ತಿಸುತ್ತದೆ. ಆರು ತಿಂಗಳು ಅಂಟಿನುಂಡೆ, ಡೈಪರು, ಎಣ್ಣೆನೀರುಗಳ ನಡುವೆ ನಯಾಗರ ಒಂದು ನೋಡಿದ್ದಷ್ಟೇ ಲಾಭ. ಆದರೆ ಬೋರ್ಡಿಂಗ್ ಪಾಸಿನ ರುಚಿ ಒಮ್ಮೆ ಹತ್ತಿದರೆ ಬಿಡುವಂಥದ್ದಲ್ಲ. ಮರುವರ್ಷ ಪೇಪರಿನಲ್ಲಿ ಜಾಹೀರಾತು ಕಾಣುತ್ತದೆ: ಹದಿನಾಲ್ಕು ದಿನ, ಒಂಬತ್ತು ದೇಶ, ಶುದ್ಧ ಸಸ್ಯಾಹಾರ, ಅಡುಗೆಯವರೂ ಜೊತೆಗೇ ಬರುತ್ತಾರೆ. ಮಾವ ಫಿಕ್ಸೆಡ್ ಡಿಪಾಸಿಟ್ ಮುರಿಸುತ್ತಾರೆ.

ಹೊರಡುವುದಕ್ಕೆ ಹದಿನೈದು ದಿನ ಇರುವಾಗಲೇ ನಡುಮನೆಯಲ್ಲಿ ಸೂಟ್‌ಕೇಸು ಬಾಯಿ ತೆರೆದು ಮಲಗುತ್ತದೆ. ವಿಮಾನದವರು ಒಪ್ಪುವುದು 23 ಕಿಲೋ. ಅದರಲ್ಲಿ ಬಟ್ಟೆಯ ಪಾಲು, ಮಾವನ ಲೆಕ್ಕದಲ್ಲಿ, ಏಳು. ಮಿಕ್ಕದ್ದೆಲ್ಲ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕೋಡುಬಳೆ, ಅವಲಕ್ಕಿ, ಮತ್ತೆ ಒಗ್ಗರಣೆ ಸಮೇತ ಹುರಿದಿಟ್ಟ ರವೆ. ಈ ರವೆ ಅತ್ತೆಯ ಮೊದಲ ಶೋಧ; ಒಳ್ಳೆಯ ಶೋಧವೇ. ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಕರಿಬೇವು ಗರಿಗರಿಯಾಗುವವರೆಗೆ ಹುರಿದು, ರವೆಯನ್ನೂ ಅದರಲ್ಲೇ ಘಮ್ಮೆನ್ನಿಸಿ, ಪೂರ್ತಿ ಆರಿದ ಮೇಲೆ ಉಪ್ಪು ಬೆರೆಸಿ ಡಬ್ಬಕ್ಕೆ ತುಂಬಬೇಕು. ಬಿಸಿಯಲ್ಲೇ ಮುಚ್ಚಿದರೆ ಒಳಗೆ ಬೆವರಿ ಮುಗ್ಗಲು ಬರುತ್ತದೆ. ಪ್ಯಾರಿಸ್ಸಿನ ಹೋಟೆಲ್ ಕೋಣೆಯಲ್ಲಿ ಕುದಿಯುವ ನೀರು ಸುರಿದು ಐದು ನಿಮಿಷ ಮುಚ್ಚಿಟ್ಟರೆ ತಿಂಡಿ ತಯಾರು. ಅತ್ತೆಯ ಪ್ಯಾರಿಸ್ ಫೋಟೊದಲ್ಲಿ ಐಫೆಲ್ ಗೋಪುರ ಮೇಲಿನ ಅರ್ಧ ಮಾತ್ರ ಕಾಣುತ್ತದೆ. ಉಪ್ಪಿಟ್ಟು ಪೂರ್ತಿ ಕಾಣುತ್ತದೆ.

ಯಾವ ದೇಶಕ್ಕೆ ಯಾವುದು ಆಗದು ಎಂಬುದೂ ಅವರಿಗೆ ಕಂಠಪಾಠ. ಅಮೆರಿಕಕ್ಕೆ ಹಸಿ ಕರಿಬೇವು ಒಯ್ಯುವಂತಿಲ್ಲ. ಕಿತ್ತಳೆ, ನಿಂಬೆ ತೋಟಗಳನ್ನು ಕೆಡಿಸುವ ರೋಗ ಹರಡುವ ಪುಟ್ಟ ಕೀಟವೊಂದು ಆ ಎಲೆಯ ಮೇಲೆ ಕೂತು ಬರುತ್ತದೆ. ಕರಿಬೇವು, ನಿಂಬೆ ಎರಡೂ ಒಂದೇ ಮನೆತನದವು. ಯುರೋಪಿನವರಿಗೆ ಹೊರಗಿನ ಹಾಲಿನ ಪದಾರ್ಥ ಆಗದು, ಆದ್ದರಿಂದ ಪೇಡ, ತುಪ್ಪ ಮನೆಯಲ್ಲೇ. ದುಬೈಗೆ ಗಸಗಸೆಯನ್ನು ಕನಸಿನಲ್ಲೂ ಒಯ್ಯಬಾರದು. ಅಲ್ಲಿ ಅದು ಮಾದಕವಸ್ತುಗಳ ಲೆಕ್ಕ. "ನಮ್ಮಲ್ಲಿ ಪಾಯಸ, ಅಲ್ಲಿ ಜೈಲು" ಎಂದು ಹೇಳಿ ಅತ್ತೆ ಮಾವನ ಕಡೆ ನೋಡುತ್ತಾರೆ. ಹಬ್ಬದ ಗಸಗಸೆ ಪಾಯಸ ಕುಡಿದು ಮಧ್ಯಾಹ್ನವಿಡೀ ಗೊರಕೆ ಹೊಡೆದ ಮಾವನೇ ದುಬೈ ಕಾನೂನಿಗೆ ಸಾಕ್ಷಿ.

ಇಷ್ಟು ಬಲ್ಲವರಿಗೂ ಒಮ್ಮೆ ವಿದ್ಯುತ್ತು ಕೈಕೊಟ್ಟಿತು. ಎರಡನೇ ಸಲ ಅಮೆರಿಕಕ್ಕೆ ಹೋದಾಗ ಇಲ್ಲಿಂದಲೇ ಪುಟ್ಟ ಎಲೆಕ್ಟ್ರಿಕ್ ಕುಕ್ಕರ್ ಒಯ್ದಿದ್ದರು, ಅಡಾಪ್ಟರ್ ಸಮೇತ. ಮೋಟೆಲಿನ ಬಚ್ಚಲಿನ ಕಟ್ಟೆಯ ಮೇಲೆ, ಹಲ್ಲುಜ್ಜುವ ಬ್ರಷ್ಷುಗಳ ಪಕ್ಕ, ಸೋನಾ ಮಸೂರಿ ತೊಳೆದಿಟ್ಟು ಸ್ವಿಚ್ ಒತ್ತಿದರು. ಕೆಂಪು ದೀಪ ಹತ್ತಿತು. ಒಂದು ಗಂಟೆಯಾದರೂ ಅಕ್ಕಿ ಬೆಚ್ಚಗಿನ ನೀರಿನಲ್ಲಿ ಆರಾಮಾಗಿ ಕೂತಿತ್ತು. ಆಗ, ಒಂದು ಕಾಲಕ್ಕೆ ವಿದ್ಯುತ್ ಮಂಡಳಿಯಲ್ಲಿ ಎಂಜಿನಿಯರಾಗಿದ್ದ ಮಾವ, ಟೀವಿಯಿಂದ ಕಣ್ಣು ತೆಗೆಯದೆ ಬಾಯಿ ಬಿಟ್ಟರು: "ಅಡಾಪ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತೆ ಕಣೇ, ವೋಲ್ಟೇಜನ್ನಲ್ಲ. ನಮ್ಮಲ್ಲಿ 230, ಇಲ್ಲಿ 120. ವೋಲ್ಟೇಜು ಅರ್ಧ ಆದರೆ ಶಾಖ ಕಾಲುಭಾಗ." ಮದುವೆಯಾದ ಲಾಗಾಯ್ತು ಮಾವ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಅದನ್ನು ಬೆಂಗಳೂರಿನಲ್ಲೇ ಆಡಬಾರದಿತ್ತೆ ಎಂಬ ವಿಷಯದ ಮೇಲೆ ರಾತ್ರಿ ಹನ್ನೊಂದರವರೆಗೆ ಚರ್ಚೆ ನಡೆದು, ಕೊನೆಗೆ ಅವಲಕ್ಕಿ ನೆನೆಸಿದರು.

ಜಗತ್ತಿನ ಅದ್ಭುತಗಳನ್ನು ಅತ್ತೆ ನೋಡುವ ಕ್ರಮವೇ ಬೇರೆ. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌ ಶಿಖರದ ಮಗ್ಗುಲಿಗೆ 1912ರಿಂದಲೂ ಹಲ್ಲುಚಕ್ರದ ರೈಲು ಹತ್ತುತ್ತಿದೆ. ಕೊನೆಯ ಸ್ಟೇಷನ್ನು 3,454 ಮೀಟರ್ ಎತ್ತರದಲ್ಲಿದೆ. ಗುಂಪಿನವರೆಲ್ಲ ಸ್ವೆಟರಿನ ಮೇಲೆ ಸೀರೆಯೋ ಸೀರೆಯ ಮೇಲೆ ಸ್ವೆಟರೋ ತಿಳಿಯದಂತೆ ಸುತ್ತಿಕೊಂಡು ಹಿಮ ಎರಚಾಡುತ್ತಿದ್ದರೆ, ಅತ್ತೆ ಅಲ್ಲಿಯೇ ಇರುವ ಭಾರತೀಯ ಊಟದ ಹೋಟೆಲಿಗೆ ನುಗ್ಗಿ, "ಇಷ್ಟು ಎತ್ತರದಲ್ಲಿ ಬೇಳೆ ಹೇಗಪ್ಪಾ ಬೇಯುತ್ತೆ?" ಎಂದು ಬಡಿಸುವ ಹುಡುಗನನ್ನು ಹಿಡಿದುಕೊಂಡರು. ಕೇಳಬೇಕಾದ ಪ್ರಶ್ನೆಯೇ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ. ಅಲ್ಲಿ ನೀರು 90 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಎಷ್ಟು ಉರಿ ಕೊಟ್ಟರೂ ಅದಕ್ಕಿಂತ ಬಿಸಿಯಾಗದು. ನಮ್ಮ ಬೆಂಗಳೂರಿನಲ್ಲೂ ನೂರು ಮುಟ್ಟುವುದಿಲ್ಲ, 97ರ ಆಸುಪಾಸಿಗೇ ಕೊತಕೊತ. ಪ್ರೆಷರ್ ಕುಕ್ಕರು ಉಗಿಯನ್ನು ಕಟ್ಟಿಹಾಕಿ 120ರ ಹತ್ತಿರ ತರುವುದರಿಂದಲೇ ಬೇಳೆ ಕರಗುವುದು. ಈ ಉಪಾಯವನ್ನು ಡೆನಿಸ್ ಪಾಪಿನ್ ಎಂಬ ಫ್ರೆಂಚರವನು ಲಂಡನ್ನಿನಲ್ಲಿದ್ದುಕೊಂಡು 1679ರಲ್ಲೇ ಕಂಡುಹಿಡಿದಿದ್ದ.

ಹಿಮ ಕರಗಿತು, ಟಿಪ್ಪಣಿ ಉಳಿಯಿತು. ಊರಿಗೆ ಮರಳಿದ ಅತ್ತೆ ಸಿಕ್ಕಸಿಕ್ಕ ಸೊಸೆಯರಿಗೆಲ್ಲ ಹೇಳಿದರು: "ವಿಷಲ್ ಎಣಿಸಬೇಡಿ, ನಿಮಿಷ ಎಣಿಸಿ. ಒಂದು ಸಲ ಕೂಗಿದ ಮೇಲೆ ಉರಿ ಸಣ್ಣ ಮಾಡಿ. ದೊಡ್ಡ ಉರಿಯಿಟ್ಟರೆ ಬೇಳೆ ಬೇಗ ಬೇಯಲ್ಲ, ಸಿಲಿಂಡರ್ ಬೇಗ ಖಾಲಿಯಾಗುತ್ತೆ, ಅಷ್ಟೆ." ಮಾತು ನೂರಕ್ಕೆ ನೂರು ಸರಿ. ಆದರೆ ಇದನ್ನು ಹೇಳುವುದಕ್ಕೆ ಅವರಿಗೆ ಆಲ್ಪ್ಸ್ ಪರ್ವತ ಬೇಕು. ರೈಲಿನ ಟಿಕೆಟ್ಟಿನಿಂದ ಶುರುವಾದ ಕತೆ ಬೇಳೆಗೆ ಬರುವ ಹೊತ್ತಿಗೆ ಕೇಳುವವರ ಕುಕ್ಕರು ಐದು ವಿಷಲ್ ಮುಗಿಸಿರುತ್ತದೆ.

ಇಟಲಿಯ ಕತೆ ಇನ್ನೂ ಉದ್ದ. ಬೊಲೊನ್ಯಾದಲ್ಲಿ ಅರ್ಧ ದಿನದ ಅಡುಗೆ ಕ್ಲಾಸಿಗೆ ಅತ್ತೆ ದುಡ್ಡು ಕಟ್ಟಿದರು. ಕಲಿಸುವಾಕೆ ಅತ್ತೆಗಿಂತ ಹಿರಿಯಳು, ಅತ್ತೆಗಿಂತ ದಪ್ಪ, ಅತ್ತೆಗಿಂತ ಜೋರು. ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಉಪ್ಪು, ನೂರು ಗ್ರಾಂ ಪಾಸ್ತಾ. ನೀರಿಗೆ ಎಣ್ಣೆ ಹಾಕಲು ಹೋದ ಗುಜರಾತಿ ಗೃಹಿಣಿಯ ಕೈಗೆ ಮರದ ಸೌಟಿನಿಂದ ಒಂದೇಟು ಬಿತ್ತು. ಎಣ್ಣೆ ಅಂಟಿದ ಪಾಸ್ತಾ ಗೊಜ್ಜನ್ನು ಹಿಡಿದುಕೊಳ್ಳುವುದಿಲ್ಲ. ಇಷ್ಟರವರೆಗೆ ಅತ್ತೆ ಶಿಷ್ಯೆಯಾಗಿಯೇ ಇದ್ದರು. ಬೇಯಿಸಿದ ಮೇಲೆ ಯಾರೋ ನೀರು ಚೆಲ್ಲಲು ಸಿಂಕಿನ ಕಡೆ ತಿರುಗಿದಾಗ ಆ ಇಟಲಿಯಜ್ಜಿ ಕಿರುಚಿದಳು. ಒಂದು ಸೌಟು ನೀರು ಎತ್ತಿ, ಬಾಣಲೆಯಲ್ಲಿದ್ದ ಬೆಣ್ಣೆ, ಚೀಸಿನ ಮೇಲೆ ಸುರಿದು, ಪಾಸ್ತಾ ಹಾಕಿ ಎರಡು ಸಲ ಎಗರಿಸಿದಳು. ನೀರಿನಲ್ಲಿ ಇಳಿದ ಗಂಜಿಯೇ ಜಿಡ್ಡನ್ನೂ ನೀರನ್ನೂ ಒಂದುಗೂಡಿಸಿ ಹೊಳೆಯುವ ಗೊಜ್ಜು ಮಾಡಿತು.

ಅತ್ತೆಗೆ ಮೈ ಜುಂ ಅಂದಿತಂತೆ. ಅವರ ಅಮ್ಮ ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲಿದ್ದುಂಟೆ? ಅದೇ ಕಟ್ಟಿಗೆ ಒಂದು ಹಿಡಿ ಬೆಂದ ಕಾಳು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು ರುಬ್ಬಿ ಹಾಕಿದರೆ ಬಸ್ಸಾರು, ಮೇಲುಳಿದದ್ದು ಪಲ್ಯ, ಪಕ್ಕಕ್ಕೆ ಮುದ್ದೆ. ಇಟಲಿಯಜ್ಜಿಗೆ ಇದನ್ನು ವಿವರಿಸಲು ಅತ್ತೆ ಎರಡೂ ಕೈ, ಒಂದು ಜರಡಿ ಮತ್ತು ಗುಜರಾತಿ ಗೃಹಿಣಿಯ ಇಂಗ್ಲಿಷನ್ನು ಬಳಸಿಕೊಂಡರು. ಅಜ್ಜಿಗೆ ಎಷ್ಟು ಅರ್ಥವಾಯಿತೋ, ಅತ್ತೆಯ ಎರಡೂ ಕೆನ್ನೆಗೆ ಮುತ್ತಿಟ್ಟಳು. ಅಂದಿನಿಂದ ನಮ್ಮ ಕುಟುಂಬದಲ್ಲಿ ಬಸ್ಸಾರಿಗೆ ಬೊಲೊನ್ಯಾದ ಮುದ್ರೆ ಬಿದ್ದಿದೆ. ಮಂಡ್ಯದವರು ಇದನ್ನು ಕ್ಷಮಿಸಬೇಕು.

ಹಂಗೆರಿಯಲ್ಲಿ ಸಿಕ್ಕಿದ್ದು ಮೆಣಸಿನಪುಡಿ. ಬುಡಾಪೆಸ್ಟಿನ ದೊಡ್ಡ ಮಾರುಕಟ್ಟೆಯಲ್ಲಿ ಕೆಂಪು ಪಾಪ್ರಿಕಾ ಚೀಲಗಳನ್ನು ಮೂಸಿ ನೋಡಿದ ಅತ್ತೆ, "ಇದು ನಮ್ಮ ಬ್ಯಾಡಗಿ ಕಣ್ರೀ" ಎಂದು ಕೂಗಿದರಂತೆ. ಬಣ್ಣ ಜಾಸ್ತಿ, ಖಾರ ಕಮ್ಮಿ ಅನ್ನುವ ಮಟ್ಟಿಗೆ ಸರಿಯೇ. ಎರಡರ ಪೂರ್ವಜರೂ ಅಮೆರಿಕ ಖಂಡದವರು. ಒಂದು ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂತು, ಇನ್ನೊಂದು ತುರ್ಕರ ಜೊತೆ ಹಂಗೆರಿಗೆ ಹೋಯಿತು. ಅಲ್ಲಿನವರು ಕಲಿಸಿದ್ದು ಇಷ್ಟೆ: ಪುಡಿ ಹಾಕುವ ಮೊದಲು ಬಾಣಲೆಯನ್ನು ಒಲೆಯಿಂದ ಇಳಿಸಿ. ಮೆಣಸಿನಲ್ಲಿ ಸಕ್ಕರೆಯಂಶ ಇರುತ್ತದೆ, ಉರಿಯ ಮೇಲೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಇಳಿಸಿದ ಬಿಸಿ ಎಣ್ಣೆಯಲ್ಲಿ ಬಣ್ಣ ಪೂರ್ತಿ ಬಿಡುತ್ತದೆ. ಮಾಡಿ ನೋಡಿದ್ದೇನೆ, ಸಾರಿನ ಬಣ್ಣವೇ ಬೇರೆಯಾಗುತ್ತದೆ.

ಹಿಂದಿನವರು ವಿದೇಶಕ್ಕೆ ಹೋಗಿ ಬಂದರೆ ಪುಸ್ತಕ ಬರೆಯುತ್ತಿದ್ದರು. ಗೊರೂರರಿಗೆ 'ಅಮೆರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಅತ್ತೆ ಬರೆಯುವುದು ಕುಟುಂಬದ ವಾಟ್ಸ್ಯಾಪ್ ಗುಂಪಿಗೆ, ಬೆಳಿಗ್ಗೆ ಐದಕ್ಕೆ. ಈರುಳ್ಳಿಗೆ ಹುರಿಯುವಾಗಲೇ ಚಿಟಿಕೆ ಉಪ್ಪು ಹಾಕಿ, ನೀರು ಬಿಟ್ಟು ಬೇಗ ಬಾಡುತ್ತೆ: ಇಸ್ತಾಂಬುಲ್. ದೋಸೆ ಹಿಟ್ಟು ಚಳಿಗೆ ಹುಳಿ ಬರದಿದ್ದರೆ ಓವನ್ನಿನೊಳಗಿಟ್ಟು ಅದರ ದೀಪ ಮಾತ್ರ ಹಾಕಿ: ನ್ಯೂಜೆರ್ಸಿ. ಕೊನೆಗೊಂದು ಕೈಮುಗಿದ ಚಿತ್ರ. ಊರಿನ ಹೆಸರಿಲ್ಲದ ಸಲಹೆ ಅವರಿಂದ ಹೊರಡುವುದೇ ಇಲ್ಲ.

ನಕ್ಕು ಸುಮ್ಮನಾಗಬಹುದಿತ್ತು, ಆದರೆ ಅತ್ತೆಯ ಹಳೆಯ ಅವತಾರವನ್ನು ನಾನು ಕಂಡಿದ್ದೇನೆ. ಹುಳಿಗೆ ಬೆಲ್ಲ ಹಾಕಿದರೆಂದು ಉಡುಪಿ ಕಡೆಯ ಬೀಗರ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದವರು ಅವರು. ಅವರ ಮನೆಯ ತಿಳಿಸಾರಿಗಿಂತ ತಿಳಿಯಾದದ್ದು ಸಾರೇ ಅಲ್ಲ, ಗಟ್ಟಿಯಾದದ್ದು ಸಾರೇ ಅಲ್ಲ. ಈಗ ಹನೋಯಲ್ಲಿ ಲೋಟದ ಮೇಲೆ ಕೂತ ಪುಟ್ಟ ಫಿಲ್ಟರಿನಿಂದ ಮಂದಗೊಳಿಸಿದ ಹಾಲಿನ ಮೇಲೆ ತೊಟ್ಟಿಕ್ಕಿದ ಕಾಫಿ ಕುಡಿದು ಬಂದವರು ಬೀಗರ ಮನೆಯ ಬೆಲ್ಲಕ್ಕೆ ತಕರಾರು ತೆಗೆಯುವುದಿಲ್ಲ. ಬೀಗಿತ್ತಿಯ ಅಡುಗೆಮನೆಗೇ ಹೋಗಿ, ಬೆಲ್ಲ ಯಾವಾಗ ಹಾಕುತ್ತೀರಿ, ಯಾಕೆ ಹಾಕುತ್ತೀರಿ ಎಂದು ಕೇಳುತ್ತಾರೆ. ವಿಮಾನದ ಖರ್ಚು ಅಲ್ಲಿಗೆ ಹುಟ್ಟಿತು ಎಂದು ನನ್ನ ಲೆಕ್ಕ. ಬೀದರನ್ನು ಮಾತ್ರ ಅವರು ಇನ್ನೂ ನೋಡಿಲ್ಲ. ಕೇಳಿದರೆ, "ತುಂಬ ದೂರ ಕಣೋ" ಅನ್ನುತ್ತಾರೆ.

ಮೊನ್ನೆ ನೆಂಟರ ಗೃಹಪ್ರವೇಶ. ಅತ್ತೆ ಹೋಮದ ಹೊಗೆ ತಪ್ಪಿಸಿಕೊಂಡು ಹಿತ್ತಲಿಗೆ ಹೋದರು, ಹಿಂದೆಯೇ ಮಾವ. ಅಡುಗೆ ಭಟ್ಟರು ದೊಡ್ಡ ಬಾಣಲೆಯ ಒಗ್ಗರಣೆಗೆ ಹುಳಿಪುಡಿ ಸುರಿಯುವುದರಲ್ಲಿದ್ದರು.

"ಭಟ್ರೇ, ಇಳಿಸಿ ಪುಡಿ ಹಾಕಿ. ಬುಡಾಪೆಸ್ಟಲ್ಲಿ ಹಾಗೇ ಮಾಡೋದು."

ಭಟ್ಟರು ಬಾಣಲೆ ಇಳಿಸಿದರು. "ಬುಡಾಪೆಸ್ಟಲ್ಲಿ ಯಾವ ಹೋಟ್ಲಮ್ಮ? ನದಿ ಪಕ್ಕದ್ದಾ, ಸ್ಟೇಷನ್ ಹಿಂದಿಂದಾ? ಹಿಂದಿಂದರಲ್ಲಿ ಒಲೆ ಸರಿಯಿಲ್ಲ."

ಪ್ರತಿ ಬೇಸಿಗೆ ಟೂರಿನವರ ಜೊತೆ ಅಡುಗೆಗೆ ಹೋಗುವುದು ಅವರೇ. ಪಾಸ್‌ಪೋರ್ಟಿನ ಹಾಳೆ ಮುಗಿದು ಎರಡನೆಯದು ನಡೆಯುತ್ತಿದೆಯಂತೆ. "ಒಂದ್ಸಲ ಇಂಟರ್‌ಲಾಕನ್‌ನಲ್ಲಿ ಸಾರು ಹೊಗೆ ಕಮಟು ಅಂತ ಯಾರೋ ಒಬ್ಬಮ್ಮ ಎರಡು ಪುಟ ದೂರು ಬರೆದುಕೊಟ್ಟಿದ್ರು. ಅದು ನನ್ನ ಕೈಯಡುಗೆ," ಎಂದರು ಭಟ್ಟರು. ಮಾವ ಚಪ್ಪರದ ಗಳುವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಅತ್ತೆ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡರು. "ಹೋಗ್ಲಿ ಬಿಡಿ. ಅಲ್ಲಿಯ ಚಳಿಗೆ ಮೊಸರು ಹೇಗೆ ಹೆಪ್ಪು ಹಾಕ್ತಿದ್ರಿ, ಅದು ಹೇಳಿ."

"ಬಸ್ಸಿನ ಎಂಜಿನ್ ಪಕ್ಕ ಪಾತ್ರೆ ಇಡ್ತಿದ್ದೆ," ಎಂದು ಭಟ್ಟರು ಸೌಟು ಕೆಳಗಿಟ್ಟು, ಎದುರಿಗೆ ಒಂದು ತರಕಾರಿ ಕ್ರೇಟ್ ಬೋರಲು ಹಾಕಿ ಕೂತರು.

ಅಂದು ಊಟಕ್ಕೆ ಎಲೆ ಹಾಕಿದ್ದು ಎರಡೂವರೆಗೆ. ಹುಳಿ ತಳ ಹಿಡಿದಿತ್ತು.