ನಮ್ಮೂರಿನ ಪ್ರಾಚೀನತೆ: ಕೆಲವು ನಿರ್ವಿವಾದ ಊಹೆಗಳು

ಬೇಲೂರು ಸೀಮೆಯಲ್ಲಿ ಹಳ್ಳವೊಂದರ ಎರಡೂ ದಡಕ್ಕೆ ಹಬ್ಬಿಕೊಂಡಿರುವ ಗ್ರಾಮವೊಂದು ಪ್ರಸ್ತುತ ಪ್ರಬಂಧದ ವಸ್ತು. ಗ್ರಾಮದ ಹೆಸರನ್ನು ಕೊಟ್ಟಿಲ್ಲ. ಮೇಲಿನ ಕೇರಿಯವರು ಹೇಳುವುದು ಒಂದು, ಕೆಳಗಿನ ಕೇರಿಯವರು ಹೇಳುವುದು ಇನ್ನೊಂದು, ಪಹಣಿಯಲ್ಲಿರುವುದು ಮತ್ತೊಂದು. ಯಾವುದನ್ನು ಅಚ್ಚು ಹಾಕಿಸಿದರೂ ಸಂಶೋಧಕ ಮತ್ತೆ ಆ ಊರಿಗೆ ಕಾಲಿಡುವಂತಿಲ್ಲ.

ಪೂರ್ವಸೂರಿಗಳು ಈ ಗ್ರಾಮಕ್ಕೆ ಮಾಡಿರುವ ಅನ್ಯಾಯವನ್ನು ಮೊದಲು ದಾಖಲಿಸಬೇಕು. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ರಾಗಿ ಬಿತ್ತುವ ಕ್ರಮ, ಕಂಬಳಿ ನೇಯುವ ಕ್ರಮ, ಕಬ್ಬಿಣ ಕರಗಿಸುವ ಕ್ರಮ ಎಲ್ಲವನ್ನೂ ಕೆದಕಿ ಕೇಳಿ, 1807ರಲ್ಲಿ ಮೂರು ಸಂಪುಟ ಹೊರತಂದ. ನಮ್ಮೂರಿನ ಸುದ್ದಿಯೇ ಇಲ್ಲ. ಬಿ. ಎಲ್. ರೈಸ್ ಊರೂರಿನ ಕಲ್ಲು ಓದಿಸಿ, 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳಿಗೇ ಎಪಿಗ್ರಾಫಿಯಾ ಕರ್ನಾಟಿಕಾದ ಒಂದು ದಪ್ಪ ಸಂಪುಟ ಮೀಸಲಿಟ್ಟ. ಅಲ್ಲಿಯೂ ನಾವಿಲ್ಲ. ಇಷ್ಟು ದೊಡ್ಡ ವಿದ್ವಾಂಸರಿಬ್ಬರೂ ಒಂದೇ ಊರನ್ನು ಬಿಟ್ಟಿದ್ದಾರೆಂದರೆ ಅದು ಆಕಸ್ಮಿಕವಾಗಿರಲಾರದು. ಬಿಟ್ಟುಹೋದದ್ದೇ ಪ್ರಾಚೀನತೆಗೆ ಪ್ರಥಮ ಸಾಕ್ಷ್ಯ.

ಹಲ್ಮಿಡಿಯ ವಿಷಯದಲ್ಲಿ ಸಂಯಮದಿಂದ ಬರೆಯಬೇಕೆಂದಿದ್ದೇವೆ. ಅದೂ ಇದೇ ಬೇಲೂರು ತಾಲ್ಲೂಕಿನ ಹಳ್ಳಿ. ನಮ್ಮೂರಿಗಿಂತ ಬಸ್ಸು ಹೆಚ್ಚೇನೂ ಇಲ್ಲ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅಲ್ಲಿಯ ಹದಿನಾರು ಸಾಲಿನ ಕಲ್ಲನ್ನು ಬೆಳಕಿಗೆ ತಂದದ್ದೇ ತಂದದ್ದು, ಕ್ರಿ.ಶ. 450ರ ಆಸುಪಾಸಿನದೆಂದು ಪಠ್ಯಪುಸ್ತಕಕ್ಕೇ ಸೇರಿಬಿಟ್ಟಿತು. ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನಮಗೆ ಕಲ್ಲಿನ ಬಗ್ಗೆಯೇ ಒಮ್ಮತವಿಲ್ಲ: ಅದನ್ನು ನಮ್ಮೂರಿನಿಂದ ಗಾಡಿಯಲ್ಲಿ ಸಾಗಿಸುವಾಗ ಎತ್ತು ಮುಗ್ಗರಿಸಿ ಅಲ್ಲಿ ಬಿದ್ದದ್ದೆಂದು ಅರಳಿಕಟ್ಟೆಯ ಹಿರಿಯರು ಪ್ರಮಾಣ ಮಾಡಿ ಹೇಳುತ್ತಾರೆ. ಲಿಖಿತ ಆಧಾರ ಕೇಳುವವರಿಗೆ ಎತ್ತು ನಿರಕ್ಷರಿಯಾಗಿತ್ತು ಎಂಬುದನ್ನು ನೆನಪಿಸಬೇಕಾಗುತ್ತದೆ.

ಇನ್ನು ಭೂಗೋಳ. ಗೊರೂರು ಸುತ್ತಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಗೊರೂರು ನಮ್ಮ ಜಿಲ್ಲೆಯದೇ. ಆದ್ದರಿಂದ ನಮ್ಮೂರಿಗೆ 330 ಕೋಟಿ ವರ್ಷ. ಮೊದಲ ಮನೆ ಏಳುವುದು ಮಾತ್ರ ಸ್ವಲ್ಪ ತಡವಾಯಿತು. ಜಲಮಾರ್ಗದ ವಿಚಾರವೂ ಅಷ್ಟೇ ಸ್ಪಷ್ಟ. ನಮ್ಮ ಹಳ್ಳ ಯಗಚಿಯನ್ನು ಸೇರುತ್ತದೆ, ಯಗಚಿ ಗೊರೂರಿನ ಬಳಿ ಹೇಮಾವತಿಯನ್ನು, ಹೇಮಾವತಿ ಕಾವೇರಿಯನ್ನು. ಅಂದಮೇಲೆ ಕಾವೇರಿ ಎಂಬುದು ನಮ್ಮ ಹಳ್ಳದ ಕೆಳಭಾಗ. ತಲಕಾವೇರಿಯವರು ಇದನ್ನು ಒಪ್ಪುವುದಿಲ್ಲ. ಫೆಬ್ರವರಿಯಿಂದ ಜೂನ್‌ವರೆಗೆ ಹಳ್ಳದಲ್ಲಿ ನೀರಿರುವುದಿಲ್ಲ ಎಂಬ ಅವರ ಆಕ್ಷೇಪ ತೀರಾ ಕ್ಷುಲ್ಲಕ.

ಭೂಖಂಡಗಳು ಸರಿಯುತ್ತವೆಂದು ಆಲ್ಫ್ರೆಡ್ ವೇಗೆನರ್ 1912ರಲ್ಲಿ ಹೇಳಿದಾಗ ದೊಡ್ಡ ದೊಡ್ಡವರೇ ನಕ್ಕರು. ನಮ್ಮೂರಲ್ಲಿ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ. ಇಲ್ಲಿ ಬಾಂದಿನ ಕಲ್ಲು ಪ್ರತಿ ಮುಂಗಾರಿಗೂ ಸರಿಯುತ್ತದೆ, ಅದೂ ರಾತ್ರಿ ಹೊತ್ತು, ಅದೂ ಅಣ್ಣನ ಹೊಲದಿಂದ ತಮ್ಮನ ಹೊಲದ ಕಡೆಗೇ. ಸರ್ವೆಯವರ ಚೈನು 33 ಅಡಿ, ಅದಕ್ಕೆ ಹದಿನಾರು ಆಣೆ. ಒಂದು ಚೈನು ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಲೆಕ್ಕ ನಿಖರವಾಗಿದೆ. ಆದರೆ ಇಲ್ಲಿ ಪೂರ್ತಿ ನಲವತ್ತು ಗುಂಟೆ ಇರುವ ಎಕರೆಯನ್ನು ತೋರಿಸುವವರು ಸಿಕ್ಕಿಲ್ಲ; ಎರಡು ಗುಂಟೆ ಸದಾ ಪಕ್ಕದವನ ಹತ್ತಿರ ಇರುತ್ತದೆ. ನೆರೆಯಲ್ಲೊಂದು ಬೇಚರಾಕ್ ಗ್ರಾಮವೂ ಇದೆ: ನಕ್ಷೆ ಇದೆ, ಸರ್ವೆ ನಂಬರುಗಳಿವೆ, ಮನೆ ಒಂದೂ ಇಲ್ಲ. ಒಬ್ಬನೂ ವಾಸವಿಲ್ಲದ ಆ ಊರಿನಲ್ಲೂ ಎಲ್ಲೆಯ ವ್ಯಾಜ್ಯ ನಡೆಯುತ್ತಿದೆ.

ದಾಖಲೆಗಳಿಗಾಗಿ ಹಿಂದಿನ ಶಾನುಭೋಗರ ಮನೆಯ ಅಟ್ಟ ಹತ್ತಿದೆವು. 1963ರಲ್ಲಿ ಪಟೇಲಿಕೆ, ಶಾನುಭೋಗಿಕೆ ರದ್ದಾದಾಗ ಗಂಟು ಕಟ್ಟಿಟ್ಟದ್ದು ಹಾಗೇ ಇತ್ತು. ಅದರಲ್ಲೊಂದು ಕಡತ: ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ್ದು, ಬಿಚ್ಚಿದರೆ ಜಗಲಿಯುದ್ದಕ್ಕೂ ಹಾಸುತ್ತದೆ. ಇದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಕಾದಾಗ ಒರೆಸಿ ಮತ್ತೆ ಬರೆಯಬಹುದಿತ್ತು. ಇತಿಹಾಸ ಬರೆಯಲು ಇದಕ್ಕಿಂತ ಅನುಕೂಲದ ಸಾಧನವನ್ನು ನಾವು ಕಂಡಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬಳಪದ ಕಲ್ಲಿನಲ್ಲೇ ಮದನಿಕೆಯರನ್ನು ಕಡೆದು ಅಡಿಯಲ್ಲಿ ಹೆಸರು ಹಾಕಿಕೊಂಡರು. ನಮ್ಮ ಶಾನುಭೋಗರು ಅದೇ ಜಾತಿಯ ಕಲ್ಲಿನ ಚೂರು ಹಿಡಿದು ಕಂದಾಯದ ಬಾಕಿ ಬರೆದರು, ಹೆಸರು ಹಾಕಲಿಲ್ಲ. ವಿನಯ ಎಂದರೆ ಅದು. ಕಡತದಲ್ಲಿ ಯಾವ ಮಳೆಗೆ ಕೆರೆ ಕೋಡಿ ಬಿತ್ತು, ಯಾರ ಗದ್ದೆಗೆ ನೀರು ಹತ್ತಲಿಲ್ಲ, ಯಾರಿಗೆ ಎಷ್ಟು ವಜಾ ಸಿಕ್ಕಿತು ಎಂಬಂಥ ಚಿಲ್ಲರೆ ಸಂಗತಿಗಳೇ ತುಂಬಿದ್ದರಿಂದ ಪ್ರಸ್ತುತ ಅಧ್ಯಯನಕ್ಕೆ ಉಪಯೋಗವಾಗಲಿಲ್ಲ.

ನಮ್ಮ ಮುಖ್ಯ ಶೋಧ ನಡೆದದ್ದು ಹಳ್ಳದ ಕಟ್ಟೆಯ ಬಳಿ. ಅಜ್ಜಿಯೊಬ್ಬರು ಕಂಬಳಿ ಒಗೆಯುತ್ತಿದ್ದ ಚಪ್ಪಡಿಯ ಮೇಲೆ ಮೂರು ಅಂಕಣದ ಕೆತ್ತನೆ ಕಾಣಿಸಿತು. ಕೆಳಗೆ ದನಗಳ ಸಾಲು, ಬಿಲ್ಲು ಹಿಡಿದವನೊಬ್ಬ. ನಡುವೆ ಅವನ ಎರಡು ಕಂಕುಳಿಗೂ ಕೈಕೊಟ್ಟು ಮೇಲೊಯ್ಯುವ ಹೆಂಗಸರು. ಮೇಲೆ ಲಿಂಗದ ಮುಂದೆ ಅವನೇ ಕೂತಿದ್ದಾನೆ, ಆಚೀಚೆ ಸೂರ್ಯ ಚಂದ್ರ. ಅಚ್ಚು ತೆಗೆಯಬೇಕು, ಸ್ವಲ್ಪ ಬಿಡಿ ಎಂದು ಕೇಳಿಕೊಂಡೆವು.

"ತಡಿಯಪ್ಪ, ಇನ್ನೊಂದ್ ಕಂಬ್ಳಿ ಅದೆ. ಈ ಕಲ್ಲೇ ಆಗ್ಬೇಕು. ಅಗಾ ಆ ದನಿನ ಕೊಂಬು ಅವೆ ನೋಡು, ಅದ್ರು ಮ್ಯಾಲಾಕಿ ತಿಕ್ಕುದ್ರೆ ಜಾರಕಿಲ್ಲ."

"ಇದು ಯಾರ ಕಲ್ಲು ಗೊತ್ತೇನಜ್ಜಿ?"

"ಯಾರೋ ಕಣಪ್ಪ. ಕಳ್ಳರು ಊರ್ ದನ ಹೊಡ್ಕಂಡ್ ಹೋಗೋವಾಗ ಬುಡುಸ್ಕಳಕ್ ಹೋಗಿ ಸತ್ನಂತೆ. ನಮ್ಮತ್ತೆ ಹೇಳೋರು."

ಶಾಸ್ತ್ರೀಯ ಶಿಕ್ಷಣವಿಲ್ಲದವರ ಇಂಥ ಹೇಳಿಕೆಗಳನ್ನು ಸಂಶೋಧಕ ಸೌಜನ್ಯದಿಂದ ಕೇಳಿ ಕೈಬಿಡಬೇಕು. ದನ, ಬಿಲ್ಲು ಎರಡೂ ಒಂದೇ ಕಲ್ಲಿನಲ್ಲಿದ್ದ ಮೇಲೆ ಅದು ಉತ್ತರ ಗೋಗ್ರಹಣ, ಬಿಲ್ಲು ಹಿಡಿದವನು ಅರ್ಜುನ, ಊರು ವಿರಾಟನಗರ. ಹಾನಗಲ್ಲಿನವರು ತಮ್ಮದೇ ವಿರಾಟನಗರ ಎನ್ನುತ್ತಾರೆ. ವಿರಾಟನಿಗೆ ಬೇಸಿಗೆಗೊಂದು ಊರು ಇರಬಾರದೆಂದು ವ್ಯಾಸರು ಎಲ್ಲಿಯೂ ಹೇಳಿಲ್ಲ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿದ್ದವು. ಸಾಬೂನು, ಮಂಡಿ, ತಲೆಮಾರುಗಳ ತಿಕ್ಕಾಟ ಸೇರಿ "ಸ್ವಸ್ತಿ ಶ್ರೀ" ಒಂದನ್ನು ಉಳಿಸಿ ಮಿಕ್ಕದ್ದನ್ನು ತೊಳೆದಿವೆ. ಸತ್ತವನ ಹೆಸರು ಅಲ್ಲೇ ಎಲ್ಲೋ ಇದ್ದಿರಬೇಕು. ನಮ್ಮ ಸಿದ್ಧಾಂತಕ್ಕೆ ಅದರ ಅಗತ್ಯ ಬೀಳಲಿಲ್ಲ.

ಪೂರ್ಣಪಾಠ ದೊರಕುವ ಶಾಸನ ಊರಿನಲ್ಲಿ ಒಂದೇ: ಶುದ್ಧ ಕುಡಿಯುವ ನೀರಿನ ಘಟಕದ ಗೋಡೆಯ ಕರಿ ಗ್ರಾನೈಟ್ ಫಲಕ. ಲಿಪಿ ಕನ್ನಡ, ಬಂಗಾರದ ಬಣ್ಣ ತುಂಬಿದ್ದು. ಮೊದಲಿಗೆ ಆಳುವವರ ಬಿರುದಾವಳಿ, ಬಳಿಕ ಸಾಮಂತರು, ಉಪಸ್ಥಿತರು, ಅಧ್ಯಕ್ಷರು, ಸದಸ್ಯರು, ಕೊನೆಗೆ ದಾನದ ಮೊತ್ತ ಮತ್ತು ಗುತ್ತಿಗೆದಾರ. ಮಿತಿ ಖಚಿತವಾಗಿ ಕೊಟ್ಟಿರುವುದರಿಂದ ಕಾಲನಿರ್ಣಯದ ಕಷ್ಟವಿಲ್ಲ. ಹಳೆಯ ದಾನಶಾಸನಗಳ ಕೊನೆಯಲ್ಲಿ ದಾನವನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂದು ಬರುವ ಶಾಪಾಶಯ ಮಾತ್ರ ಇಲ್ಲಿಲ್ಲ. ಆ ಭಾಗವನ್ನು ಬೆಳಗ್ಗೆ ಏಳರಿಂದ ಎಂಟರವರೆಗೆ, ಕ್ಯಾನು ಹಿಡಿದು ಬಂದು ಒಣ ನಲ್ಲಿ ತಿರುಗಿಸುವವರು ಬಾಯಲ್ಲೇ ಪೂರೈಸುತ್ತಾರೆ.