ಅಪ್ಪನ ಮೂಗು, ಅಪ್ಪನ ಬೋನಸ್ಸು

‘ಸಾರ್, ಈಗ ತಾನೇ ಲೈಸೆನ್ಸ್ ಆಗಿದೆ. ಕಮ್ಮಿ ಇನ್ಶೂರೆನ್ಸ್ ಇದ್ರೆ ಹೇಳಿ’ ಎನ್ನುವ ಹುಡುಗನಿಗೆ ಶೋರೂಮಿನವರ ಉತ್ತರ ರೆಡಿ: ‘ವಯಸ್ಸು ಚಿಕ್ಕದು ನೋಡಿ, ಅದಕ್ಕೇ ಜಾಸ್ತಿ.’ ಇದು ಅರ್ಧ ಸುಳ್ಳು. ಥರ್ಡ್ ಪಾರ್ಟಿ ಪ್ರೀಮಿಯಂ ಗೊತ್ತುಮಾಡುವುದು ಸರ್ಕಾರ, ಅದೂ ಎಂಜಿನ್ನಿನ ಸಿಸಿ ನೋಡಿ; ಮೀಸೆ ನೋಡಿ ಅಲ್ಲ. 2022ರ ದರದಂತೆ 1,000 ಸಿಸಿ ಮೀರದ ಹೊಸ ಕಾರಿಗೆ ಮೂರು ವರ್ಷದ್ದು ಒಟ್ಟಿಗೆ 6,521 ರೂಪಾಯಿ, ಇಪ್ಪತ್ತರವನಿಗೂ ಎಪ್ಪತ್ತರವರಿಗೂ. ಜೇಬು ಸುಡುವುದು ಕಾರಿನ ಸ್ವಂತ ಹಾನಿಯ ಭಾಗ: ಹೊಸ ಗಾಡಿಯ ಬೆಲೆ, ಬೆಂಗಳೂರೆಂಬ ‘ಎ’ ವಲಯ, ಸಾಲದ್ದಕ್ಕೆ ನೋ ಕ್ಲೈಮ್ ಬೋನಸ್ ಸೊನ್ನೆ.

‘ನಮ್ಮಪ್ಪಂದು ಐವತ್ತು ಪರ್ಸೆಂಟ್ ಇದೆಯಲ್ಲ ಸಾರ್?’ ಅಪ್ಪನ ಮೂಗು ಬರುತ್ತದೆ, ಮುಂಗೋಪವೂ ಬರುತ್ತದೆ. ಬೋನಸ್ಸು ಮಾತ್ರ ಅಪ್ಪ ಇರುವಷ್ಟು ದಿನ ಅಪ್ಪನದೇ. ಐದು ವರ್ಷ ಕ್ಲೈಮ್ ಮಾಡದಿದ್ದರೆ ಮಗನಿಗೂ ಐವತ್ತು. ‘ಹುಷಾರಾಗಿ ಓಡಿಸೋನೂ ಅಲ್ಲಿವರೆಗೆ ಪೂರ್ತಿ ಕಟ್ಬೇಕಾ?’ ಪೂರ್ತಿ ಮೊದಲ ವರ್ಷ ಮಾತ್ರ. ಮರುವರ್ಷವೇ ಇಪ್ಪತ್ತು ಇಳಿಯುತ್ತದೆ, ಬಂಪರಿನ ಗೀರಿಗೆಲ್ಲ ಕ್ಲೈಮ್ ಹಾಕದಿದ್ದರೆ. ‘ಇನ್ಶೂರೆನ್ಸೇ ಬೇಡ ಬಿಡಿ!’ ಹಾಗಂದವನಿಗೆ ಮೊದಲ ದಂಡ 2,000 ರೂಪಾಯಿ. ಅಂದ ಹಾಗೆ, ಶೋರೂಮಿನವರು ತೋರಿಸಿದ ಪಾಲಿಸಿಯನ್ನೇ ಕೊಳ್ಳಬೇಕೆಂಬ ಕಾನೂನಿಲ್ಲ.