ಎಂಬತ್ತೆಂಟರ ಗಟ್ಟಿ ಮನೆ

ಜಯನಗರದ ಮನೆಯೊಂದರ ಬೀಗ ತೆಗೆಯುತ್ತ ಬ್ರೋಕರ್ ಅಂದ: "1988ರದ್ದು ಮೇಷ್ಟ್ರೇ. ಆಗಿನ ಕೆಲಸ ಅಂದ್ರೆ ಕಲ್ಲು!"

"ಚಾವಣೀಲಿ ಕಂಬಿ ಇಣುಕ್ತಿದೆಯಲ್ಲಪ್ಪ?"

"ಕಂಬಿ ಹಾಕಿದ್ದಾರೆ ಅನ್ನೋದಕ್ಕೆ ಸಾಕ್ಷಿ ಬೇಡ್ವಾ?"

ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹೊಸ ಬಣ್ಣ ಅದನ್ನು ಮುಚ್ಚಿಡುವುದು ಹೆಚ್ಚೆಂದರೆ ಮುಂದಿನ ಮಳೆಗಾಲದವರೆಗೆ. ಮಾರಾಟಕ್ಕೆ ಅಷ್ಟು ಸಾಕು.

"ನಲ್ಲಿ ನೀರು ಕೆಂಪಗಿದೆ?"

"ಹಳೇ ಜಿಐ ಪೈಪು. ಕಬ್ಬಿಣಾಂಶ ಫ್ರೀ!"

"ಅರ್ಥಿಂಗ್?"

"ಗೀಸರ್ ಹಾಕಿ ನಲ್ಲಿ ಮುಟ್ಟಿ, ತಕ್ಷಣ ಅರ್ಥ ಆಗುತ್ತೆ."

ಮೇಷ್ಟ್ರು ಚಾಚಿದ್ದ ಕೈಯನ್ನು ಜೇಬಿಗಿಳಿಸಿದರು. "ಎಂಜಿನಿಯರ್ ಒಬ್ಬರಿಗೆ ತೋರಿಸೋಣ್ವಾ?"

"ದುಡ್ಡು ದಂಡ ಸಾರ್! ವಾಸ್ತುವಿನವರು ಮೂರು ಸಲ ನೋಡಿ ಹೋಗಿದ್ದಾರೆ."

"ಏನಂದ್ರು?"

"ಈಶಾನ್ಯದಲ್ಲಿ ನೀರಿರ್ಬೇಕಂತೆ. ಸರಿಯಾಗಿ ಅಲ್ಲೇ ಸೋರ್ತಿದೆ, ನೋಡಿ!"